ನಂಗೆ ತುಳು, ಕನ್ನಡ ಮಾತ್ರ ಬರುದು, ಭಾಷಾವಿಜ್ಞಾನದ ಕಾನ್ಫರೆನ್ಸಿಗೆ ಎಂತ ಬರ್ದು ಕಳಿಸ್ಲಿ?

ಓದುಗರ ಪ್ರಶ್ನೆ: "ನಾನು ಉಡುಪಿಯವಳು, ಎಂಎ ಮಾಡ್ತಾ ಇದ್ದೇನೆ. ಮನೆಯಲ್ಲಿ ತುಳು, ಹೊರಗೆ ಕನ್ನಡ. ಥಿಯರೆಟಿಕಲ್ ಲಿಂಗ್ವಿಸ್ಟಿಕ್ಸ್ ಕಾನ್ಫರೆನ್ಸ್ ಒಂದಕ್ಕೆ ಅಬ್‌ಸ್ಟ್ರಾಕ್ಟ್ (ಮಾತಾಡುವ ವಿಷಯದ ಸಾರಾಂಶ) ಕರ್ದಿದ್ದಾರೆ, ಎರಡೇ ಪುಟ ಅಂತೆ. ನಂಗೆ ಹತ್ತು ಭಾಷೆ ಬರುದಿಲ್ಲ, ಸಂಸ್ಕೃತವೂ ಗೊತ್ತಿಲ್ಲ. ತುಳುವಿನ ಬಗ್ಗೆ ಬರೆದ್ರೆ ತೆಗೊಳ್ತಾರಾ? ಆ ಎರಡು ಪುಟದಲ್ಲಿ ಎಂತ ಇರ್ಬೇಕು?"

ಇದೇ ಪ್ರಶ್ನೆ ಬೇರೆ ಬೇರೆಯವ್ರು ಬೇರೆ ಬೇರೆ ರೀತಿಯಲ್ಲಿ ಕೇಳ್ತಾನೇ ಇರ್ತಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೇನೆ.

ಮೊದಲು ಆ ಹತ್ತು ಭಾಷೆಯ ಹೆದರಿಕೆ ಬಿಟ್ಟುಬಿಡಿ. ಈ ಕಾನ್ಫರೆನ್ಸುಗಳಲ್ಲಿ ಯಾರೂ ನಿಮಗೆ ಎಷ್ಟು ಭಾಷೆ ಬರ್ತದೆ ಅಂತ ಕೇಳುದಿಲ್ಲ. ಅಲ್ಲಿ ಕೇಳುದು ಒಂದೇ, ಮನುಷ್ಯನ ಭಾಷೆ ಒಳಗಿಂದ ಹೇಗೆ ಕೆಲಸ ಮಾಡ್ತದೆ ಅನ್ನುದಕ್ಕೆ ನಿಮ್ಮ ಹತ್ರ ಇರುವ ವಾಕ್ಯಗಳು ಹೊಸತಾಗಿ ಎಂತ ತೋರಿಸ್ತವೆ ಅಂತ. ಅದಕ್ಕೆ ಒಂದು ಭಾಷೆ ಚೆನ್ನಾಗಿ ಗೊತ್ತಿದ್ರೆ ಸಾಕು, ನಿಮಗೆ ಎರಡು ಗೊತ್ತುಂಟು, ಅದೂ ಒಂದೇ ಕುಟುಂಬದ ಅಕ್ಕತಂಗಿ ಭಾಷೆಗಳು. ಇದಕ್ಕಿಂತ ಒಳ್ಳೆ ಬಂಡವಾಳ ಇಲ್ಲ ಅಂತ ನಾನು ಮನಸಾರೆ ಹೇಳ್ತೇನೆ.

ಆದ್ರೆ "ತುಳು ಒಂದು ಪ್ರಾಚೀನ ಭಾಷೆ, 2011ರ ಜನಗಣತಿ ಪ್ರಕಾರ ಸುಮಾರು 18.46 ಲಕ್ಷ ಜನ ಮಾತಾಡ್ತಾರೆ, ಇದಕ್ಕೆ ತನ್ನದೇ ವೈಶಿಷ್ಟ್ಯ ಉಂಟು" ಅಂತ ಶುರು ಮಾಡಿದ್ರೆ ಅರ್ಧ ಪುಟ ಅಲ್ಲೇ ಹೋಯ್ತು. ನನ್ನ ಮೊದಲ ಅಬ್‌ಸ್ಟ್ರಾಕ್ಟ್ ಹೀಗೇ ವಾಪಸ್ ಬಂದದ್ದು. ಆಯ್ಕೆಗೆ ಅಂತ ಓದಿದವ್ರು ಬರೆದ ಟಿಪ್ಪಣಿಯ ಸಾರಾಂಶ ಇಷ್ಟೇ: ಉದಾಹರಣೆಗಳು ಚೆಂದ ಉಂಟು, ಆದ್ರೆ ವಾದ ಎಲ್ಲಿ? ಆಗ ತುಂಬಾ ಬೇಜಾರಾಗಿತ್ತು, ಈಗ ಅನಿಸ್ತದೆ ಅವ್ರು ಹೇಳಿದ್ದು ಸರಿ.

ವಾದ ಅಂದ್ರೆ ಎಂತ ಅಂತ ಒಂದು ಉದಾಹರಣೆ ಹಿಡ್ಕೊಂಡು ಹೇಳ್ತೇನೆ, ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತೇ ಇದು. ಯಾರೋ ಫೋನ್ ಮಾಡಿ ಅಪ್ಪ ಇದ್ದಾರಾ ಅಂತ ಕೇಳ್ತಾರೆ. ಕನ್ನಡದಲ್ಲಾದ್ರೆ "ಅಪ್ಪ ಮನೆಯಲ್ಲಿ ಇಲ್ಲ" ಅಂತೇವೆ. ತಮ್ಮ ಇಲ್ಲದಿದ್ರೂ "ಇಲ್ಲ", ಅಕ್ಕ ಇಲ್ಲದಿದ್ರೂ "ಇಲ್ಲ", ಬಸ್ಸು ಇಲ್ಲದಿದ್ರೂ "ಇಲ್ಲ". ಈಗ ತುಳುವಿನಲ್ಲಿ ಹೇಳಿ ನೋಡಿ. ಅವನಾದ್ರೆ "ಆಯೆ ಇಜ್ಜೆ", ಅವಳಾದ್ರೆ "ಆಲ್ ಇಜ್ಜಲ್", ಅವ್ರಾದ್ರೆ "ಅಕುಲು ಇಜ್ಜೆರ್", ಬಸ್ಸಾದ್ರೆ "ಬಸ್ ಇಜ್ಜಿ". ಕನ್ನಡದ "ಇಲ್ಲ" ಯಾರಿಗೂ ಬಗ್ಗುದಿಲ್ಲ, ತುಳುವಿನದ್ದು ಆಳು ನೋಡಿ ಬದಲಾಗ್ತದೆ. ನಾವು ಹುಟ್ಟಿದಾಗಿಂದ ಎರಡನ್ನೂ ಮಾತಾಡ್ತಾ ಇದ್ದೇವೆ, ಒಂದು ಸಲವೂ ಇದು ತಲೆಗೆ ಹೋಗಿರುದಿಲ್ಲ.

ಈಗ ಕ್ರಿಯಾಪದಕ್ಕೆ ಬನ್ನಿ. ಕನ್ನಡದಲ್ಲಿ ನಾನು ಬಂದೆ, ಅವನು ಬಂದ, ಅವಳು ಬಂದಳು, ಅವರು ಬಂದರು, ಕೊನೆ ಬದಲಾಗ್ತಾ ಹೋಗ್ತದೆ. ಅದನ್ನೇ "ಇಲ್ಲ" ಅಂತ ಮಾಡಿ: ನಾನು ಬರ್ಲಿಲ್ಲ, ಅವನು ಬರ್ಲಿಲ್ಲ, ಅವಳು ಬರ್ಲಿಲ್ಲ, ಅವರು ಬರ್ಲಿಲ್ಲ. ಎಲ್ಲ ಒಂದೇ. ಇನ್ನೂ ಸೂಕ್ಷ್ಮವಾಗಿ ನೋಡಿದ್ರೆ "ಬಂದ" ಅನ್ನುದರಲ್ಲಿ ಇದ್ದ ಭೂತಕಾಲದ ಗುರುತು ಕೂಡ ಮಾಯ, "ಬರಲು" ಅನ್ನುದಕ್ಕೆ "ಇಲ್ಲ" ಸೇರಿದೆ ಅಷ್ಟೇ, ಆದ್ರೂ ಅರ್ಥ ಮಾತ್ರ ನಿನ್ನೆಯದ್ದೇ. ಇದನ್ನು ಹಿಡ್ಕೊಂಡು ಹೈದರಾಬಾದಿನಲ್ಲಿ ಪಾಠ ಮಾಡಿದ ಭಾಷಾವಿಜ್ಞಾನಿಗಳು ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ 2005ರಲ್ಲಿ ಒಂದು ದೊಡ್ಡ ವಾದ ಮುಂದಿಟ್ರು, ದ್ರಾವಿಡ ಭಾಷೆಗಳಲ್ಲಿ ವಾಕ್ಯ ಪೂರ್ತಿ ಆಗ್ಲಿಕ್ಕೆ ಕಾಲದ ಪ್ರತ್ಯಯವೇ ಬೇಕು ಅಂತ ಇಲ್ಲ, ಕನ್ನಡದಲ್ಲಿ ಕೊನೆಗೆ ಬರುವ ಪುರುಷಪ್ರತ್ಯಯ (ಆಳಿನ ಗುರುತು) ಮತ್ತು "ಇಲ್ಲ" ಎರಡೂ ಒಂದೇ ಜಾಗಕ್ಕೆ ಸೇರಿದವು, ಒಂದು ಕೂತ್ರೆ ಇನ್ನೊಂದಕ್ಕೆ ಸೀಟಿಲ್ಲ ಅಂತ. ಕಾಲ ಇಲ್ಲದೆ ವಾಕ್ಯವೇ ಇಲ್ಲ ಅಂತ ಇಂಗ್ಲಿಷ್ ನೋಡಿ ನಂಬಿದ್ದವ್ರಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ನಮ್ಮ ತುಳು ಎಂತ ಮಾಡ್ತದೆ? ಬರ್ಲಿಲ್ಲ ಅಂತ ಹೇಳ್ಬೇಕಾದ್ರೆ ಆಯೆ ಬತ್ತಿಜೆ, ಆಲ್ ಬತ್ತಿಜಲ್, ಅಕುಲು ಬತ್ತಿಜೆರ್. ಬರುದಿಲ್ಲ ಅಂತ ಹೇಳ್ಬೇಕಾದ್ರೆ ಆಯೆ ಬರ್ಪುಜೆ, ಅಕುಲು ಬರ್ಪುಜೆರ್. ಮುಂದೆ "ಬತ್ತ್" ಮತ್ತು "ಬರ್ಪ್" ಅಂತ ಕಾಲ ಬೇರೆ ಕಾಣ್ತದೆ, ನಡುವೆ "ಇಲ್ಲ" ಅನ್ನುವ ತುಂಡು, ಕೊನೆಗೆ ಆಳಿನ ಗುರುತು. ಮೂರೂ ಒಂದೇ ಪದದಲ್ಲಿ ಸಾಲಾಗಿ ಕೂತಿವೆ! ಕನ್ನಡದಲ್ಲಿ ಒಟ್ಟಿಗೆ ಕೂರ್ಲಿಕ್ಕೆ ಆಗದ್ದು ಪಕ್ಕದ ಭಾಷೆಯಲ್ಲಿ ಹೇಗೆ ಕೂತಿತು? ನೋಡಿ, ಈಗ ನಿಮ್ಮ ಹತ್ರ ಪ್ರಶ್ನೆ ಉಂಟು. ಇದು "ತುಳುವಿನ ವೈಶಿಷ್ಟ್ಯ" ಅಂತ ಪಟ್ಟಿ ಮಾಡಿ ಬಿಡುವ ವಿಷಯ ಅಲ್ಲ, ಕನ್ನಡಕ್ಕೆ ಕಟ್ಟಿದ ಒಂದು ವಿವರಣೆ ಸರಿಯಾದ್ರೆ ತುಳುವಿನಲ್ಲಿ ಎಂತ ಬದಲಾಗಿರ್ಬೇಕು ಅಂತ ಕೇಳುವ ವಿಷಯ. ತುಳುವಿನ "ಇಜ್" ಕನ್ನಡದ "ಇಲ್ಲ"ದ ಹಾಗೆ ಕೊನೆಯ ಸೀಟಲ್ಲಿ ಕೂರುದಿಲ್ವಾ, ಅದು ಇನ್ನೂ ಕ್ರಿಯಾಪದದ ಗುಣ ಇಟ್ಕೊಂಡಿದೆಯಾ? ಅಥವಾ "ಬತ್ತ್" ಅನ್ನುದು ನಿಜವಾದ ಭೂತಕಾಲವೇ ಅಲ್ವಾ, ಬರೀ "ಬಂದು" ಅನ್ನುವ ಹಾಗಿನ ರೂಪವಾ? ಕನ್ನಡದ "ಬಂದಿಲ್ಲ" ಉಂಟಲ್ಲ, ಅದು "ಬಂದು" ಮತ್ತು "ಇಲ್ಲ" ಸೇರಿ ಆದದ್ದು, ಅದರಲ್ಲೂ ಆಳಿನ ಗುರುತು ಇಲ್ಲ. ಈ ತಕರಾರನ್ನು ಓದುವವ್ರು ಎತ್ತಿಯೇ ಎತ್ತುತ್ತಾರೆ, ಅವ್ರು ಎತ್ತುವ ಮೊದಲು ನೀವೇ ಒಂದು ಸಾಲಲ್ಲಿ ಹೇಳಿಬಿಡಿ.

ಹಳೆಯ ಕನ್ನಡ ಓದಿದ್ರೆ ಇನ್ನೊಂದು ಸಿಕ್ತದೆ. "ಬಾರೆನು", "ಬಾರನು", "ಅರಿಯೆ", "ಒಲ್ಲೆ". ಅಲ್ಲಿ ನಿಷೇಧ ಉಂಟು, ಆಳಿನ ಗುರುತೂ ಉಂಟು, "ಇಲ್ಲ" ಮಾತ್ರ ಇಲ್ಲ. ಇದನ್ನು ಇದೇ ಅಬ್‌ಸ್ಟ್ರಾಕ್ಟಿಗೆ ಹಾಕ್ಲಿಕ್ಕೆ ಆಸೆ ಆಗ್ತದೆ, ನಂಗೆ ಬರೆಯುವಾಗಲೇ ಆಗ್ತಾ ಉಂಟು, ಆದ್ರೆ ಎರಡು ಪುಟಕ್ಕೆ ಒಂದೇ ಪ್ರಶ್ನೆ. ಅದನ್ನು ಇನ್ನೊಂದು ವರ್ಷಕ್ಕೆ ಇಡಿ.

ನಕ್ಷತ್ರದ ಬಗ್ಗೆಯೂ ಹೇಳ್ಬೇಕು, ಹೊಸಬ್ರು ಅಲ್ಲೇ ಎಡವುದು. ಯಾರೂ ಹೇಳದ ವಾಕ್ಯದ ಮುಂದೆ ಈ ಶಾಸ್ತ್ರದಲ್ಲಿ * ಹಾಕ್ತಾರೆ. "ನಿನ್ನೆ ಬಾರದ ಹುಡುಗ" ಸರಿ, "*ನಿನ್ನೆ ಬರ್ಲಿಲ್ಲದ ಹುಡುಗ" ಆಗುದಿಲ್ಲ, ಆದ್ರೆ "ದುಡ್ಡು ಇಲ್ಲದ ಹುಡುಗ" ಪುನಃ ಸರಿ. ತುಳುವಿನಲ್ಲೂ "ಬಾರದ" ಅನ್ನುವ ಜಾಗದಲ್ಲಿ "ಇಜ್" ಬರುದಿಲ್ಲ, "ಕೋಡೆ ಬರಂದಿನಾಯೆ" (ನಿನ್ನೆ ಬಾರದವನು) ಅಂತಲೇ ಹೇಳುದು. ಅಂದ್ರೆ ಮುಖ್ಯ ವಾಕ್ಯದಲ್ಲಿ ಎರಡು ಭಾಷೆ ಬೇರೆ ದಾರಿ ಹಿಡಿದ್ರೂ ಇಲ್ಲಿ ಒಂದೇ ಕಡೆ ಬಂದು ನಿಲ್ತವೆ. ಬರೀ ಸರಿ ಇರುವ ವಾಕ್ಯಗಳ ಪಟ್ಟಿಯಿಂದ ಇದು ಗೊತ್ತಾಗುದೇ ಇಲ್ಲ, ತಪ್ಪು ವಾಕ್ಯ ಪಕ್ಕದಲ್ಲಿ ಇಟ್ಟಾಗಲೇ ಗೊತ್ತಾಗುದು. ನಿಮ್ಮ ಎರಡು ಪುಟದಲ್ಲಿ ಹೀಗೆ ಜೋಡಿ ಜೋಡಿಯಾಗಿ, ಒಂದೇ ಒಂದು ಅಂಶ ಬದಲಾದ ವಾಕ್ಯಗಳು ಇರ್ಲಿ.

ಆದ್ರೆ ಆ ನಕ್ಷತ್ರ ನಿಮ್ಮೊಬ್ಬರ ಕಿವಿ ನಂಬಿ ಹಾಕ್ಬೇಡಿ. ಕೆಲವರ ಬಾಯಲ್ಲಿ ಬತ್ತಿಜೆ, ಕೆಲವರ ಬಾಯಲ್ಲಿ ಬತ್ತುಜೆ, ಜಾಗ ಬದಲಾದ ಹಾಗೆ, ಮನೆ ಬದಲಾದ ಹಾಗೆ ತುಳು ಬದಲಾಗ್ತದೆ ಅಂತ ನಿಮಗೇ ಗೊತ್ತುಂಟು. ನಾಲ್ಕೈದು ಜನರ ಹತ್ರ ಕೇಳಿ, ಕೇಳುವಾಗ "ಇದು ಸರಿಯಾ" ಅಂತ ಮಾತ್ರ ಕೇಳ್ಬೇಡಿ. ನಮ್ಮೂರಿನವ್ರಿಗೆ ಸರಿಯಾ ಅಂತ ಕೇಳಿದ ಕೂಡ್ಲೇ ಶಾಲೆಯ ಮಾಷ್ಟ್ರು ನೆನಪಾಗ್ತಾರೆ, ದಿನಾ ಆಡುವ ಮಾತನ್ನೇ "ಚೇ, ಹಾಗೆ ಬರೆಯುದಿಲ್ಲ" ಅಂತಾರೆ. ಅದರ ಬದಲು ಸನ್ನಿವೇಶ ಕೊಡಿ: ಮದುವೆಗೆ ಎಲ್ಲ ಬಂದ್ರು, ಮಾವ ಮಾತ್ರ ಇಲ್ಲ, ಈಗ ದೊಡ್ಡಮ್ಮನಿಗೆ ಹೇಗೆ ಹೇಳ್ತೀರಿ? ಆಗ ಬರುವ ಮಾತು ನಿಜವಾದದ್ದು.

ಬರವಣಿಗೆಯ ಕ್ರಮ ಬೇಗ ಹೇಳಿ ಮುಗಿಸ್ತೇನೆ. ಉದಾಹರಣೆ ಮೂರು ಸಾಲಲ್ಲಿ ಇರ್ಬೇಕು, ಮೊದಲ ಸಾಲಲ್ಲಿ ತುಳು ವಾಕ್ಯವನ್ನು ತುಂಡು ತುಂಡು ಮಾಡಿ, ಎರಡನೇದ್ರಲ್ಲಿ ಪ್ರತಿ ತುಂಡಿನ ಕೆಳಗೆ ಅದರ ಅರ್ಥ, ಮೂರನೇದ್ರಲ್ಲಿ ಪೂರ್ತಿ ಅನುವಾದ. "ಆಯೆ ಬತ್ತ್-ಇಜ್-ಎ" ಅಂತ ಬರೆದು, ಕೆಳಗೆ "ಅವನು, ಬರು-ಭೂತ, ನಿಷೇಧ, ಅವನು-ಗುರುತು" ಅನ್ನುವ ಹಾಗೆ. ಇದಕ್ಕೆ ಲೈಪ್‌ಜಿಗ್ ನಿಯಮಗಳು ಅಂತ ಒಂದು ಒಪ್ಪಿತ ಪದ್ಧತಿ ಉಂಟು, ಅದನ್ನೇ ಅನುಸರಿಸಿ, ಜಪಾನಿನಲ್ಲಿ ಕೂತವ್ರಿಗೂ ಅರ್ಥ ಆಗ್ತದೆ. ರೋಮನ್ ಲಿಪಿಯಲ್ಲಿ ಬರೆಯುವಾಗ ಒಂದು ಎಚ್ಚರ, "ಯಾನ್ ಬತ್ತೆ" (ನಾನು ಬಂದೆ) ಮತ್ತು "ಆಯೆ ಬತ್ತೆ" (ಅವನು ಬಂದ) ಕನ್ನಡ ಲಿಪಿಯಲ್ಲಿ ಒಂದೇ ಥರ ಕಂಡ್ರೂ ಕೊನೆಯ ಸ್ವರ ಬೇರೆ, ಒಂದರಲ್ಲಿ ಬಾಯಿ ಹೆಚ್ಚು ತೆರೀತದೆ, ಅದನ್ನು ಬೇರೆ ಬೇರೆ ಅಕ್ಷರದಲ್ಲಿ ತೋರಿಸ್ಲೇಬೇಕು. ಹೆಚ್ಚಿನ ಕಡೆ ಅಬ್‌ಸ್ಟ್ರಾಕ್ಟಿನಲ್ಲಿ ಹೆಸರು ಹಾಕ್ಲಿಕ್ಕಿಲ್ಲ, ಓದುವವ್ರಿಗೆ ಬರೆದವ್ರು ಯಾರು ಅಂತ ಗೊತ್ತಾಗ್ಬಾರ್ದು, "ನಾನು ಹಿಂದೆ ಬರೆದ ಹಾಗೆ" ಅಂತಲೂ ಬರೀಬೇಡಿ, ಪಿಡಿಎಫ್ ಒಳಗೆ ಹೆಸರು ಉಳಿದಿದೆಯಾ ನೋಡಿ. ಉಡುಪಿಯವ್ರಿಗೆ ಒಂದು ಸೌಕರ್ಯ ಉಂಟು, ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ತಂದ ಆರು ಸಂಪುಟದ ತುಳು ನಿಘಂಟು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1872ರಲ್ಲೇ ಬ್ರಿಗೆಲ್ ಅವ್ರ ತುಳು ವ್ಯಾಕರಣ ಅಚ್ಚಾಗಿದೆ. ಎರಡನ್ನೂ ಒಮ್ಮೆ ತೆರೆದು ನೋಡಿ, ಆಮೇಲೆ ಕಳಿಸಿ.

ಎಲ್ಲಿಗೆ ಕಳಿಸುದು? ಉತ್ತರ ಅಮೆರಿಕದ ನೆಲ್ಸ್, ಯುರೋಪಿನ ಗ್ಲೋ ಇಂಥ ಸಮ್ಮೇಳನಗಳು ಎಲ್ಲ ಭಾಷೆಯದ್ದನ್ನೂ ತೆಗೊಳ್ತವೆ, ಸ್ಪರ್ಧೆ ಗಟ್ಟಿ ಇರ್ತದೆ. ದಕ್ಷಿಣ ಏಷ್ಯಾದ ಭಾಷೆಗಳಿಗೇ ಅಂತ ಫಸಲ್ ಅನ್ನುವ ಸಮ್ಮೇಳನ 2011ರಿಂದ ಉಂಟು, ಮೊದಲ ಸಲಕ್ಕೆ ನನ್ನ ಓಟು ಅದಕ್ಕೆ, ಯಾಕಂದ್ರೆ ಅಲ್ಲಿ ದ್ರಾವಿಡ ಭಾಷೆ ಅಂದ್ರೆ ಎಂತ ಅಂತ ಮೊದಲಿಂದ ಹೇಳ್ಬೇಕಾಗಿಲ್ಲ. ಸಾಮಾನ್ಯವಾಗಿ 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಪೋಸ್ಟರ್ ಕೊಟ್ರೆ ಬೇಜಾರು ಮಾಡ್ಬೇಡಿ, ಪೋಸ್ಟರಿನ ಎದುರು ಒಬ್ಬೊಬ್ಬರೇ ನಿಂತು ಕೇಳುವಾಗ ಸಿಗುವ ಪ್ರಶ್ನೆ ಸ್ಟೇಜಿನಲ್ಲಿ ಸಿಗುದಿಲ್ಲ. ಎರಡೇ ದಿನದಲ್ಲಿ "ಅಕ್ಸೆಪ್ಟೆಡ್" ಅಂತ ಮೇಲ್ ಬಂದು ಮೊದಲು ದುಡ್ಡು ಕಟ್ಟಿ ಅಂದ್ರೆ, ಅದೇ ಕಾನ್ಫರೆನ್ಸಿನಲ್ಲಿ ಮ್ಯಾನೇಜ್‌ಮೆಂಟೂ ಮೆಡಿಸಿನ್ನೂ ಭಾಷೆಯೂ ಎಲ್ಲ ಇದ್ರೆ, ಆ ಕಡೆ ತಲೆ ಹಾಕ್ಬೇಡಿ.

ನಮ್ಮ ಭಾಷೆಗಳ ಡೇಟಾಕ್ಕೆ ಅಲ್ಲಿ ಬೆಲೆ ಉಂಟಾ ಅಂತ ಇನ್ನೂ ಸಂಶಯ ಇದ್ರೆ ಇದೊಂದು ಕೇಳಿ. ಮಕ್ಕಳು ಕ್ರಿಯಾಪದದ ಅರ್ಥ ಹೇಗೆ ಹಿಡೀತಾರೆ ಅನ್ನುವ ಪ್ರಶ್ನೆಗೆ ಅಮೆರಿಕದ ಸಂಶೋಧಕರು ಜೆಫ್ರಿ ಲಿಡ್ಜ್ ಮತ್ತು ಗ್ಲೀಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಆರಿಸಿದ್ದು ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳನ್ನು. ಯಾಕೆ? ನಮ್ಮ "ಇಸು" ಪ್ರತ್ಯಯದಿಂದಾಗಿ. ಓಡು, ಓಡಿಸು, ಏರು, ಏರಿಸು, ಇಂಥ ಜೋಡಿಯಲ್ಲಿ "ಇಸು" ಬಂದ್ರೆ ಯಾರೋ ಮಾಡಿಸಿದ್ರು ಅಂತ ಖಂಡಿತ. ಆದ್ರೆ ಆಟಿಕೆ ಕೊಟ್ಟು ವಾಕ್ಯವನ್ನು ಆಡಿ ತೋರ್ಸಿ ಅಂದ್ರೆ ಮಕ್ಕಳು "ಇಸು" ನೋಡ್ಲಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದ ಉಂಟು ಅಂತ ನೋಡಿದ್ರು. ದೊಡ್ಡವ್ರು "ಇಸು"ವನ್ನೂ ನೋಡಿದ್ರು. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ, ಅದರಲ್ಲಿ ಹೀಗೆ ಸಲೀಸಾಗಿ ಕ್ರಿಯಾಪದಕ್ಕೆ ಸೇರುವ ಪ್ರತ್ಯಯ ಇಲ್ಲ.

ಕೊನೆಗೆ ಡೆಡ್‌ಲೈನ್ ವಿಷಯ. ನೋಟೀಸಲ್ಲಿ "ಎನಿವೇರ್ ಆನ್ ಅರ್ಥ್" ಅಂತ ಇದ್ರೆ ಭೂಮಿಯಲ್ಲಿ ಎಲ್ಲೋ ಒಂದು ಕಡೆ ಆ ತಾರೀಕು ಇನ್ನೂ ಮುಗಿದಿಲ್ಲ ಅಂದ್ರೆ ಟೈಮ್ ಉಂಟು ಅಂತ ಅರ್ಥ, ನಮ್ಮ ಲೆಕ್ಕದಲ್ಲಿ ಅದು ಮರುದಿನ ಸಂಜೆ 5.30ರ ತನಕ. ಮರುದಿನ ಬೆಳಿಗ್ಗೆ ಅಮ್ಮನ ಹತ್ರ "ಬರ್ಪುಜೆ"ಯನ್ನು ಇನ್ನೊಮ್ಮೆ ಕೇಳಿ ನೋಡಿ, ಒಂದು ನಕ್ಷತ್ರ ತೆಗೀಲಿಕ್ಕೆ ಅಷ್ಟು ಸಮಯ ಧಾರಾಳ ಸಾಕು.