ಬೀಜಗಣಿತ ಕೊಟ್ಟ ನಾಡುಗಳಿಗೆ ನೊಬೆಲ್ ಯಾಕೆ ಇಷ್ಟು ಕಡಿಮೆ?

ಪ್ರಶ್ನೆ: ಒಂದು ಕಾಲದಲ್ಲಿ ವಿಜ್ಞಾನ ಅಂದರೆ ಬಾಗ್ದಾದ್, ಸಮರ್ಕಂಡ್. ಈಗ ಐವತ್ತಕ್ಕೂ ಜಾಸ್ತಿ ಮುಸ್ಲಿಂ ದೇಶಗಳಿವೆ, ಆದರೆ ವಿಜ್ಞಾನದ ನೊಬೆಲ್ ಬೆರಳೆಣಿಕೆಯಷ್ಟು. ಧರ್ಮವೇ ಅಡ್ಡಿಯಾ?

ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಅಕ್ಟೋಬರ್‌ನಲ್ಲಿ ನೊಬೆಲ್ ಪಟ್ಟಿ ಬಂದ ವಾರವಂತೂ ತಪ್ಪುವುದೇ ಇಲ್ಲ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಉತ್ತರ ಜೇಬಲ್ಲಿಟ್ಟುಕೊಂಡೇ ಕೇಳುತ್ತಾರೆ. ಇಬ್ಬರಿಗೂ ಇದೇ ಉತ್ತರ.

ಮೊದಲು ಲೆಕ್ಕ. 1979ರಲ್ಲಿ ಪಾಕಿಸ್ತಾನದ ಅಬ್ದುಸ್ ಸಲಾಂ, ಭೌತಶಾಸ್ತ್ರ. 1999ರಲ್ಲಿ ಈಜಿಪ್ಟಿನ ಅಹ್ಮದ್ ಜವೇಲ್, 2015ರಲ್ಲಿ ಟರ್ಕಿಯ ಅಜೀಜ್ ಸಂಜಾರ್, ಇಬ್ಬರದೂ ರಸಾಯನಶಾಸ್ತ್ರ. ಆಮೇಲೆ ಟ್ಯುನೀಷಿಯಾ ಮೂಲದ ಮೌಂಗಿ ಬವೆಂಡಿ (2023), ಜೋರ್ಡಾನಿನಲ್ಲಿ ಹುಟ್ಟಿದ ಒಮರ್ ಯಾಘಿ (2025), ಅದೂ ರಸಾಯನಶಾಸ್ತ್ರವೇ. (ಕೊನೆಯ ಇಬ್ಬರ ನಂಬಿಕೆ ಅವರವರಿಗೆ ಬಿಟ್ಟಿದ್ದು, ನಾನು ಮನೆತನದ ಬೇರು ನೋಡಿ ಸೇರಿಸಿದೆ.) ಇವರೆಲ್ಲ ಕೆಲಸ ಮಾಡಿದ್ದು ಎಲ್ಲಿ ನೋಡಿ: ಲಂಡನ್, ಕ್ಯಾಲಿಫೋರ್ನಿಯಾ, ನಾರ್ತ್ ಕ್ಯಾರೊಲಿನಾ, ಎಂಐಟಿ, ಬರ್ಕ್ಲಿ. ಗಣಿತದ ಫೀಲ್ಡ್ಸ್ ಪದಕ ಗೆದ್ದ ಮೊದಲ ಹೆಣ್ಣುಮಗಳು ಮರಿಯಂ ಮಿರ್ಜಾಖಾನಿ ಟೆಹರಾನಿನಲ್ಲಿ ಓದಿದವರು, 2014ರಲ್ಲಿ ಪದಕ ಬಂದಾಗ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ತಲೆಗೆ ಬರ ಇಲ್ಲ ಅಂತಾಯಿತು. ಹುಟ್ಟಿದ ಧರ್ಮವೇ ತಲೆಗೆ ಅಡ್ಡಿಯಾಗಿದ್ದರೆ ವಿಮಾನ ಹತ್ತಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ, ಅಲ್ವಾ?

ಹಳೇ ಕಾಲದ ಮಾತು ಬಂದರೆ ಎಲ್ಲರೂ ಘಜಾಲಿಯನ್ನು ಬೈಯುತ್ತಾರೆ. 1111ರಲ್ಲಿ ತೀರಿಕೊಂಡ ಆ ಪಂಡಿತ ತತ್ವಜ್ಞಾನಿಗಳ ವಿರುದ್ಧ ಬರೆದ, ಅಲ್ಲಿಗೆ ವಿಜ್ಞಾನ ಮುಗೀತು ಅಂತ. ಇದು ಸುಮ್ನೆ ಮಾತು. ಇರಾನಿನ ಮರಾಘಾದಲ್ಲಿ ನಸೀರುದ್ದೀನ್ ತೂಸಿ ವೀಕ್ಷಣಾಲಯ ಶುರು ಮಾಡಿದ್ದು 1259ರಲ್ಲಿ. ಸಮರ್ಕಂಡಿನ ಉಲುಘ್ ಬೇಗ್ ಸಾವಿರಕ್ಕೂ ಜಾಸ್ತಿ ನಕ್ಷತ್ರಗಳ ಪಟ್ಟಿ ಮುಗಿಸಿದ್ದು 1437ರಲ್ಲಿ. ನಮ್ಮ ಜಂತರ್ ಮಂತರ್ ಕಟ್ಟಿಸಿದ ಸವಾಯಿ ಜೈಸಿಂಗ್ ಹೆಚ್ಚುಕಡಿಮೆ ಮುನ್ನೂರು ವರ್ಷ ಆದಮೇಲೂ ಅದೇ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದ.

ನನ್ನನ್ನು ಕಾಡುವುದು ಇಸ್ತಾಂಬುಲ್ ಕಥೆ. 1577ರಲ್ಲಿ ಅಲ್ಲಿ ತಕಿಯುದ್ದೀನ್ ಅನ್ನುವ ಪಂಡಿತ ಸುಲ್ತಾನ ಮೂರನೇ ಮುರಾದನ ದುಡ್ಡಿನಲ್ಲಿ ವೀಕ್ಷಣಾಲಯ ನಡೆಸುತ್ತಿದ್ದ. 1580ರಲ್ಲಿ ಅದೇ ಸುಲ್ತಾನನ ಅಪ್ಪಣೆಯಂತೆ ಅದನ್ನು ಕೆಡವಿದರು. ಧರ್ಮಗುರುಗಳ ವಿರೋಧವೂ ಇತ್ತು, ಆಸ್ಥಾನದ ಜಗಳವೂ ಇತ್ತು. ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಟೈಕೋ ಬ್ರಾಹೆ ಅನ್ನುವ ಖಗೋಳ ಪಂಡಿತನಿಗೆ ಅಲ್ಲಿನ ರಾಜ ಒಂದು ದ್ವೀಪವನ್ನೇ ಬಿಟ್ಟುಕೊಟ್ಟಿದ್ದ. ರಾಜ ಸತ್ತ, ಹೊಸಬನಿಗೂ ಟೈಕೋಗೂ ಹೊಂದಲಿಲ್ಲ, 1597ರಲ್ಲಿ ಟೈಕೋ ಗಂಟುಮೂಟೆ ಕಟ್ಟಿದ, ಆಮೇಲೆ ಅವನ ವೀಕ್ಷಣಾಲಯವೂ ನೆಲಸಮ. ವ್ಯತ್ಯಾಸ ಏನಪ್ಪಾ ಅಂದರೆ ಟೈಕೋಗೆ ಹೋಗಲು ಇನ್ನೊಂದು ಬಾಗಿಲಿತ್ತು. ಪ್ರಾಗ್‌ಗೆ ಹೋದ, ಅಲ್ಲಿ ಕೆಪ್ಲರ್ ಬಂದು ಸೇರಿಕೊಂಡ, ಟೈಕೋನ ಲೆಕ್ಕಗಳಿಂದಲೇ ಗ್ರಹಗಳ ದಾರಿ ಕಂಡುಹಿಡಿದ. ಇಸ್ತಾಂಬುಲ್‌ನಲ್ಲಿ ಮತ್ತೊಂದು ವೀಕ್ಷಣಾಲಯ ಎದ್ದಿದ್ದು 1868ರಲ್ಲಿ. ಒಬ್ಬ ದೊರೆಯ ಮರ್ಜಿಯಲ್ಲಿ ನಡೆಯುವ ವಿಜ್ಞಾನದ ಪಾಡು ಇದು.

ಈಗ ಸಲಾಂ ಕಥೆಗೆ ಬನ್ನಿ. ಕೇಂಬ್ರಿಡ್ಜ್‌ನಲ್ಲಿ ಹೆಸರು ಮಾಡಿ 1951ರಲ್ಲಿ ಲಾಹೋರಿಗೆ ವಾಪಸ್ ಬಂದರು, ವಯಸ್ಸು 25. ಸಂಶೋಧನೆ ಮರೆತುಬಿಡಿ ಅಂದರು ಕಾಲೇಜಿನವರು. ಪಾಠದ ಜೊತೆಗೆ ಹಾಸ್ಟೆಲ್ ವಾರ್ಡನ್ ಆಗುತ್ತೀರೋ, ಲೆಕ್ಕಪತ್ರ ನೋಡುತ್ತೀರೋ, ಫುಟ್‌ಬಾಲ್ ಕ್ಲಬ್ ನೋಡಿಕೊಳ್ಳುತ್ತೀರೋ? ಸಲಾಂ ಫುಟ್‌ಬಾಲ್ ಆರಿಸಿಕೊಂಡರು. ತಮ್ಮ ವಿಷಯ ಮಾತಾಡಲು ಸುತ್ತಮುತ್ತ ಒಬ್ಬರೂ ಇರಲಿಲ್ಲ. ಸಲಾಂ ಅಹ್ಮದಿ ಪಂಗಡದವರು, 1953ರಲ್ಲಿ ಲಾಹೋರಿನಲ್ಲಿ ಅಹ್ಮದಿಯರ ವಿರುದ್ಧ ದೊಡ್ಡ ಗಲಭೆ ಆಯಿತು. 1954ಕ್ಕೆ ಮತ್ತೆ ಇಂಗ್ಲೆಂಡ್. 1974ರಲ್ಲಿ ಪಾಕಿಸ್ತಾನ ಸಂವಿಧಾನವನ್ನೇ ತಿದ್ದಿ ಅಹ್ಮದಿಯರು ಮುಸ್ಲಿಮರಲ್ಲ ಅಂದಿತು. ಸರ್ಕಾರದ ವಿಜ್ಞಾನ ಸಲಹೆಗಾರರಾಗಿದ್ದ ಸಲಾಂ ರಾಜೀನಾಮೆ ಕೊಟ್ಟರು. ಅಷ್ಟಾದರೂ ನೊಬೆಲ್ ತೆಗೆದುಕೊಳ್ಳಲು ಸ್ಟಾಕ್‌ಹೋಮಿಗೆ ಹೋಗಿದ್ದು ಪೇಟ, ಶೇರ್ವಾನಿ, ಮೊನೆ ಸುರುಳಿದ ಪಂಜಾಬಿ ಜುತ್ತಿಯಲ್ಲೇ.

1996ರಲ್ಲಿ ತೀರಿಕೊಂಡಾಗ ಪಾಕಿಸ್ತಾನದ ರಬ್ವಾದಲ್ಲಿ ಮಣ್ಣು ಮಾಡಿದರು. ಗೋರಿಕಲ್ಲಿನ ಮೇಲೆ ‘ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತ’ ಅಂತ ಇಂಗ್ಲಿಷಿನಲ್ಲಿ ಇತ್ತು. ಆಮೇಲೆ ‘ಮುಸ್ಲಿಂ’ ಅನ್ನುವ ಪದವನ್ನಷ್ಟೇ ಅಳಿಸಿಹಾಕಿದರು. ಉಳಿದಿದ್ದು ‘ಮೊದಲ, ಖಾಲಿ ಜಾಗ, ನೊಬೆಲ್ ಪುರಸ್ಕೃತ’. (ಹಾಗೆ ನೋಡಿದರೆ ಶಾಂತಿ ನೊಬೆಲ್ 1978ರಲ್ಲೇ ಈಜಿಪ್ಟಿನ ಅನ್ವರ್ ಸಾದಾತ್‌ಗೆ ಬಂದಿತ್ತು, ‘ವಿಜ್ಞಾನದಲ್ಲಿ ಮೊದಲ’ ಅಂತ ಕೆತ್ತಿಸಬೇಕಿತ್ತು. ಅಳಿಸಿದವರ ತಕರಾರು ಅದಲ್ಲ ಬಿಡಿ.)

ಹಾಗಾಗಿ ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಧರ್ಮದ ಹೆಸರಿನ ರಾಜಕೀಯ ವಿಜ್ಞಾನಿಯನ್ನು ಊರು ಬಿಡಿಸಬಲ್ಲದು. ಆದರೆ ಆ ಫುಟ್‌ಬಾಲ್ ಕ್ಲಬ್ಬು ಅದಕ್ಕೂ ಮೊದಲೇ ಆ ಕೆಲಸ ಶುರು ಮಾಡಿತ್ತು. ಇದೇ ನೋವಿನಿಂದ ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಒಂದು ಕೇಂದ್ರ ತೆರೆದರು. ಬಡ ದೇಶಗಳ ವಿಜ್ಞಾನಿಗಳು ಅಲ್ಲಿಗೆ ಕೆಲವು ವಾರ ಬಂದು, ಓದಿ, ವಾದ ಮಾಡಿ, ಮತ್ತೆ ತಮ್ಮ ಊರಿಗೇ ಹೋಗಬೇಕು ಅನ್ನುವುದು ಲೆಕ್ಕಾಚಾರ. ಬೆಂಗಳೂರಿನ ಎಷ್ಟೋ ಭೌತವಿಜ್ಞಾನಿಗಳು ಅಲ್ಲಿಗೆ ಹೋಗಿಬಂದವರೇ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಪಾಕಿಸ್ತಾನ ಸಂಶೋಧನೆಗೆ ಹಾಕುವುದು ಜಿಡಿಪಿಯ ಶೇ 0.2ರ ಆಸುಪಾಸು. ನಗಬೇಡಿ, ನಮ್ಮದು ಶೇ 0.64, ಮತ್ತು ಭಾರತದಲ್ಲೇ ಕೆಲಸ ಮಾಡಿ ವಿಜ್ಞಾನದ ನೊಬೆಲ್ ಗೆದ್ದ ಭಾರತೀಯ ಅಂದರೆ ಇವತ್ತಿಗೂ 1930ರ ಸಿ.ವಿ. ರಾಮನ್ ಒಬ್ಬರೇ. ಟರ್ಕಿ ಶೇ 1 ದಾಟಿದೆ. ಟ್ಯುನೀಷಿಯಾದ ಸಂಶೋಧಕರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಎಮಿರೇಟ್ಸ್ ಕಳಿಸಿದ ‘ಹೋಪ್’ ನೌಕೆ 2021ರ ಫೆಬ್ರುವರಿಯಲ್ಲಿ ಮಂಗಳನ ಕಕ್ಷೆ ಸೇರಿತು. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಸೌದಿಯ ದೊರೆ 2009ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಭಾರೀ ದುಡ್ಡು ಸುರಿದು ಸಂಶೋಧನಾ ವಿಶ್ವವಿದ್ಯಾಲಯ ತೆರೆದರು, ಪ್ರಯೋಗಾಲಯಗಳು ಯಾವ ದೇಶಕ್ಕೂ ಕಡಿಮೆ ಇಲ್ಲ. ಆದರೂ ಅದು ದೊರೆಯ ದುಡ್ಡೇ. ನನಗೆ ಇಸ್ತಾಂಬುಲ್ ನೆನಪಾಗುತ್ತದೆ.

ಅದಕ್ಕೇ ನನಗೆ ಜೋರ್ಡಾನಿನ ಅಲ್ಲಾನ್ ಊರಿನ ‘ಸೆಸಮಿ’ ಜಾಸ್ತಿ ಇಷ್ಟ. ಸೆಸಮಿ ಅಂದರೆ ಎಳ್ಳು, ಆಲಿಬಾಬಾನ ಗುಹೆಯ ‘ಖುಲ್ ಜಾ ಸಿಮ್‌ಸಿಮ್’ ಇದೆಯಲ್ಲ, ಅದೇ. ಇದೊಂದು ಸಿಂಕ್ರೋಟ್ರಾನ್. 133 ಮೀಟರ್ ಸುತ್ತಳತೆಯ ಬಳೆಯಂಥ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸುತ್ತಾರೆ, ಅವು ತಿರುವಿನಲ್ಲಿ ಚೆಲ್ಲುವ ಎಕ್ಸ್-ಕಿರಣದಲ್ಲಿ ಪ್ರೋಟೀನೋ ಹಳೇ ಮೂಳೆಯೋ ಏನು ಹಿಡಿದರೂ ಒಳಗಿನ ಕಟ್ಟಣೆ ಕಾಣುತ್ತದೆ. ಜರ್ಮನಿಯವರು ಬರ್ಲಿನ್‌ನಲ್ಲಿ ಬಿಚ್ಚಿಟ್ಟ ಹಳೇ ಯಂತ್ರವನ್ನು ದಾನ ಮಾಡಿದ್ದರಿಂದ ಶುರುವಾದ ಕೆಲಸ ಇದು. ಇರಾನ್, ಇಸ್ರೇಲ್, ಪ್ಯಾಲೆಸ್ಟೈನ್, ಪಾಕಿಸ್ತಾನ, ಟರ್ಕಿ, ಈಜಿಪ್ಟ್, ಸೈಪ್ರಸ್ ಎಲ್ಲ ಒಂದೇ ಮೇಜಿನ ಸುತ್ತ. ಕಷ್ಟ ಒಂದಾ ಎರಡಾ? ಇದರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಇರಾನಿ ವಿಜ್ಞಾನಿಗಳು 2010ರಲ್ಲಿ ಟೆಹರಾನಿನಲ್ಲಿ ಬಾಂಬಿಗೆ ಬಲಿಯಾದರು. ಇರಾನ್ ತನ್ನ ಪಾಲಿನ ದುಡ್ಡು ಕಳಿಸಲು ಹೊರಟರೆ ಬ್ಯಾಂಕ್ ನಿರ್ಬಂಧ ಅಡ್ಡ ಬಂತು. 2013ರ ಡಿಸೆಂಬರ್‌ನಲ್ಲಿ ಹಿಮ ಬಿದ್ದು ಚಾವಣಿಯೇ ಕುಸಿಯಿತು. ಆದರೂ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಕರೆಂಟ್ ಬಿಲ್ ಕಟ್ಟಲಾಗದ ಸ್ಥಿತಿ ಬಂದಾಗ ಸೋಲಾರ್ ಹಾಕಿಸಿಕೊಂಡರು, 2019ರಿಂದ ಬಿಸಿಲಿನ ಕರೆಂಟಿನಲ್ಲೇ ನಡೆಯುತ್ತಿದೆ.

ಮೇಲೆ ಹೇಳಿದ ಒಮರ್ ಯಾಘಿ ಹುಟ್ಟಿದ್ದು ಇದೇ ಜೋರ್ಡಾನಿನ ಅಮ್ಮಾನ್‌ನಲ್ಲಿ, ಪ್ಯಾಲೆಸ್ಟೈನ್ ನಿರಾಶ್ರಿತರ ಮನೆಯಲ್ಲಿ. ಒಂದೇ ಕೋಣೆ, ದನಕರುಗಳೂ ಅಲ್ಲೇ. ನೀರು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೆಲವು ಗಂಟೆ ಬರುತ್ತಿತ್ತು, ಸಿಕ್ಕ ಪಾತ್ರೆಗೆಲ್ಲ ತುಂಬಿಟ್ಟುಕೊಳ್ಳಬೇಕಿತ್ತು. 15ನೇ ವಯಸ್ಸಿಗೆ ಅಪ್ಪ ಅವರನ್ನು ಅಮೆರಿಕಕ್ಕೆ ಕಳಿಸಿದರು. ಮುಂದೆ ಅವರು ಕಟ್ಟಿದ ವಸ್ತುಗಳು ಮರುಭೂಮಿಯ ಒಣ ಗಾಳಿಯಿಂದಲೂ ನೀರು ಹೀರಿ ಕೊಡುತ್ತವೆ. ಆ ಅಮ್ಮಾನ್‌ನಿಂದ ಅಲ್ಲಾನ್‌ಗೆ ಈಗ ಕಾರಿನಲ್ಲಿ ಒಂದು ಗಂಟೆಯೂ ಬೇಡ.