ಕಾಯುವ ನಿಮಿಷಕ್ಕೆ ಬೆಲೆ ಕಟ್ಟಿದವರು ಯಾರು?

ಬೆಳಿಗ್ಗೆ ಏಳೂವರೆ, ಮಂಡ್ಯ ಬಸ್ ನಿಲ್ದಾಣ. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಒಂದು ಕೈಯಲ್ಲಿ ಟಿಫನ್ ಡಬ್ಬಿ, ಇನ್ನೊಂದರಲ್ಲಿ ಆಧಾರ್ ಕಾರ್ಡ್. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದ ಹಿಂದಿರುವ ಬಟ್ಟೆ ಅಂಗಡಿಯಲ್ಲಿ ಕೆಲಸ. "ರೈಲಲ್ಲಿ ಬೇಗ ಹೋಗ್ಬೋದಲ್ವಾ?" ಅಂತ ಕೇಳಿದೆ. "ಹೋಗ್ಬೋದು. ಆದ್ರೆ ರಾತ್ರಿ ಅಂಗಡಿ ಮುಚ್ಚೋದು ಹತ್ತು ನಿಮಿಷ ತಡ ಆದ್ರೆ ರೈಲು ಕಾಯ್ತದಾ? ಬಸ್ಸಾದ್ರೆ ಒಂದಲ್ಲ ಒಂದು ಸಿಗ್ತದೆ" ಅಂದರು.

ಅರ್ಥಶಾಸ್ತ್ರದ ದೊಡ್ಡ ದೊಡ್ಡ ಲೆಕ್ಕಗಳು ಈ ಮಾತಿಗೆ ಬಂದು ಮುಟ್ಟಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ರಸ್ತೆ, ಸೇತುವೆಯಿಂದ ಜನಕ್ಕೆ ಎಷ್ಟು ಲಾಭ ಅಂತ ಅಳೆಯಲು 1844ರಲ್ಲೇ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದ್ಯುಪ್ವಿ ಹೊರಟಿದ್ದರು. 1959ರಲ್ಲಿ ಬ್ರಿಟನ್ನಿನ ಎಂ1 ಹೆದ್ದಾರಿ ತೆರೆದಾಗ ಪ್ರಯಾಣದಲ್ಲಿ ಉಳಿತಾಯವಾದ ಸಮಯವನ್ನೇ ಹಣವಾಗಿ ಲೆಕ್ಕ ಹಾಕಿದರು. ಕೆಲಸದ ಮೇಲೆ ಹೋಗುವವನ ಗಂಟೆಗೆ ಅವನ ಗಂಟೆಯ ಕೂಲಿಯಷ್ಟು ಬೆಲೆ. 1965ರಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇದನ್ನು ಮನೆಯೊಳಗೂ ತಂದರು: ದುಡ್ಡಿನ ಹಾಗೆ ಸಮಯವನ್ನೂ ಮನುಷ್ಯ ಹಂಚಿ ಖರ್ಚು ಮಾಡುತ್ತಾನೆ ಅಂದರು.

ಆದರೆ ಎಲ್ಲ ನಿಮಿಷವೂ ಒಂದೇ ತೂಕ ಅಲ್ಲ. ಸೀಟಿನಲ್ಲಿ ಕೂತ ನಿಮಿಷಕ್ಕಿಂತ ನಿಂತು ಕಾಯುವ, ನಡೆಯುವ ನಿಮಿಷ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಬಾರ್ಟ್ ಅನ್ನುವ ನಗರ ರೈಲು ಶುರುವಾಗುವ ಮೊದಲು ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಇಂಥದ್ದನ್ನೆಲ್ಲ ಬಿಡಿಸಿ ಲೆಕ್ಕ ಮಾಡಿದರು. ಕೆಲಸಕ್ಕೆ ಹೋಗುವವರಲ್ಲಿ ಶೇ 15 ಮಂದಿ ರೈಲು ಹತ್ತುತ್ತಾರೆ ಅಂತ ಅಧಿಕೃತ ಅಂದಾಜಿತ್ತು. ಮೆಕ್‌ಫ್ಯಾಡನ್ ಅಂದಾಜು ಶೇ 6.3. ಕೊನೆಗೆ ಹತ್ತಿದ್ದು ಶೇ 6.2. ಆ ವಿಧಾನಕ್ಕೆ 2000ದಲ್ಲಿ ನೊಬೆಲ್ ಬಂತು.

ನಮ್ಮ ದಾರಿಯ ಕಥೆಯನ್ನು ಈ ಕಣ್ಣಲ್ಲಿ ನೋಡಿ. 1876–78ರ ಭೀಕರ ಬರದ ಬೆನ್ನಿಗೇ ಬೆಂಗಳೂರು–ಮೈಸೂರು ರೈಲು ದಾರಿ ಬಂತು. ಆಮೇಲೆ ನೂರು ವರ್ಷ ದಾಟಿದರೂ ಒಂಟಿ ಹಳಿಯೇ. ಕ್ರಾಸಿಂಗ್ ಅಂತ ಎಲ್ಲೋ ನಿಲ್ಲಿಸಿದರೆ ಎದುರಿನ ಗಾಡಿ ಬರುವವರೆಗೂ ಕಬ್ಬಿನ ಗದ್ದೆ ನೋಡುತ್ತಾ ಕೂರಬೇಕಿತ್ತು. ಆ ಹೊತ್ತು ಎಷ್ಟು ಉದ್ದ ಅಂತ ಪಾಸ್ ಇಟ್ಟುಕೊಂಡು ಓಡಾಡಿದವರನ್ನೇ ಕೇಳಬೇಕು. ಜೋಡಿ ಹಳಿಗೆ ಅಡ್ಡವಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದ್ದು 2017ರಲ್ಲಿ.

2023ರ ಮಾರ್ಚ್ 12ರಂದು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಸುಮಾರು ಒಂದೂಕಾಲು ಗಂಟೆಗೆ ಇಳಿಯುತ್ತದೆ ಅಂದರು. ಕಾರಿನವರಿಗೆ ಅದು ನಿಜಕ್ಕೂ ದೊಡ್ಡ ಉಳಿತಾಯ. ಆದರೆ ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಒಳಗೆ ಬರದೆ ಊರ ಹೊರಗೇ ಸುತ್ತಿಕೊಂಡು ಹೋಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್. ಅಪಘಾತಗಳು ಅಷ್ಟಿದ್ದವು, ಆ ನಿರ್ಧಾರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಟಿವಿಎಸ್‌ನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವನ ನಿಮಿಷವನ್ನು ಸರ್ವಿಸ್ ರಸ್ತೆಗೆ ತಳ್ಳಿದ ಮೇಲೆ, ಆ ರಸ್ತೆಯನ್ನಾದರೂ ಚೆನ್ನಾಗಿಡಬೇಕು.

ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕೂಲಿಯಲ್ಲಿ ಬಸ್ ಚಾರ್ಜ್ ಕಳೆದು ನೋಡಿ, ಮೈಸೂರಿನ ಕೆಲಸ ಬೇಡ ಅಂದವರು ಈಗ ಬರೀ ಸಮಯದ ಲೆಕ್ಕ ಹಾಕಿದರೆ ಸಾಕು. ಅದರಲ್ಲೂ ಬಸ್ಸಿನೊಳಗಿನ ಒಂದು ಗಂಟೆಗಿಂತ, ನಿಲ್ದಾಣದ ಅರ್ಧ ಗಂಟೆಯೇ ಅವರನ್ನು ಸುಸ್ತು ಮಾಡುವುದು. ಬಸ್ಸಿನ ವೇಗಕ್ಕಿಂತ ಬಸ್ಸುಗಳ ಸಂಖ್ಯೆ ಹೆಚ್ಚಿಸಿ ಅಂತ ನಾನು ಕೇಳುವುದು ಇದಕ್ಕೇ.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಒಂದು ಬಸ್ ಬಂತು. ಆಗಲೇ ತುಂಬಿತ್ತು. ಆಕೆ ಡಬ್ಬಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಬಾಗಿಲ ಕಡೆ ಓಡಿದರು.