ಹಳೆಯ ಬೈಕ್ ಯಾಕೆ ಇಷ್ಟು ಅದುರುತ್ತದೆ?

ಹಳೆಯ ಬೈಕ್ ವಿಪರೀತ ಅದುರತೊಡಗಿದಾಗ ನಮ್ಮ ಕೈ ಹೋಗುವುದು ಎಲ್ಲಿ ಅದುರುತ್ತಿದೆಯೋ ಅಲ್ಲಿಗೆ. ಹ್ಯಾಂಡಲ್ ನಡುಗಿದರೆ ಹ್ಯಾಂಡಲನ್ನು ಬಿಗಿ ಮಾಡುತ್ತೇವೆ, ಫುಟ್‌ರೆಸ್ಟ್ ಜುಮ್ಮೆಂದರೆ ಅದಕ್ಕೊಂದು ದಪ್ಪ ರಬ್ಬರ್ ಹಾಕಿಸುತ್ತೇವೆ. ಆದರೆ ಕಂಪನ ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಎಂಜಿನ್ನಿನಲ್ಲಿ ಹುಟ್ಟಿದ್ದು ಫ್ರೇಮಿನ ಉಕ್ಕಿನೊಳಗೆ ಹಾದು ಕನ್ನಡಿಯಲ್ಲೋ ಮಡ್‌ಗಾರ್ಡಿನಲ್ಲೋ ಮುಖ ತೋರಿಸುತ್ತದೆ. ಅದಕ್ಕೇ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಈ ಅದುರು ಯಾವುದರ ಜೊತೆ ಏರಿಳಿಯುತ್ತಿದೆ? ಎಂಜಿನ್ನಿನ ಸುತ್ತಿನ ಜೊತೆಯೋ, ಗಾಡಿಯ ವೇಗದ ಜೊತೆಯೋ, ಎಂಜಿನ್ ಎಳೆಯುತ್ತಿರುವ ಭಾರದ ಜೊತೆಯೋ?

ಹೊಸ ಎಂಜಿನ್ ಕೂಡ ಅದುರುತ್ತದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ 80 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ, ಪಿನ್ ಸೇರಿ ಅದರ ತೂಕ 300 ಗ್ರಾಂ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5000 ಸುತ್ತಿನಲ್ಲಿ ಆ ಪಿಸ್ಟನ್ ಸೆಕೆಂಡಿಗೆ ಸುಮಾರು 167 ಸಲ ನಿಂತು ದಿಕ್ಕು ಬದಲಿಸುತ್ತದೆ. ತಿರುಗುವ ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ ಗುರುತ್ವದ ಸಾವಿರದ ನೂರು ಪಟ್ಟಿಗಿಂತ ಹೆಚ್ಚು. ಅಂಗೈಯಲ್ಲಿ ಹಿಡಿಸುವ ಅಲ್ಯೂಮಿನಿಯಂ ತುಂಡು ಮುನ್ನೂರು ಕಿಲೋಗೂ ಮಿಕ್ಕಿದ ಭಾರದಷ್ಟು ಬಲದಿಂದ ಎಂಜಿನ್ನನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಜಗ್ಗುತ್ತದೆ.

ಈ ಜಗ್ಗಾಟ ತಗ್ಗಿಸಲು ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಓಡಾಟವನ್ನು ಸುತ್ತಾಗಿಸುವ ದಂಡದ, ಇನ್ನೊಂದು ಬದಿಯಲ್ಲಿ ಎದುರುತೂಕ ಇಟ್ಟಿರುತ್ತಾರೆ. ಆದರೆ ಪಿಸ್ಟನ್ ಓಡಾಡುವುದು ನೇರ ಗೆರೆಯಲ್ಲಿ, ಎದುರುತೂಕ ಸುತ್ತುವುದು ವೃತ್ತದಲ್ಲಿ. ಪಿಸ್ಟನ್ನಿನ ತೂಕವನ್ನೆಲ್ಲ ಸರಿದೂಗಿಸಲು ಹೋದರೆ ಮೇಲೆ ಕೆಳಗಿನ ಅದುರು ಹೋಗಿ ಅಷ್ಟೇ ಜೋರಿನ ಹಿಂದು ಮುಂದಿನ ಅದುರು ಬರುತ್ತದೆ. ಹಾಗಾಗಿ ಸಾಮಾನ್ಯವಾಗಿ ಅರ್ಧದ ಆಸುಪಾಸಿನಷ್ಟನ್ನು ಸರಿದೂಗಿಸಿ, ಉಳಿದದ್ದನ್ನು ಎರಡು ದಿಕ್ಕಿಗೆ ಹಂಚಿಬಿಡುತ್ತಾರೆ. ಎರಡು ಪಿಸ್ಟನ್ ಒಟ್ಟಿಗೆ ಏರಿಳಿಯುವ ಹಳೆಯ ಜೋಡಿ ಸಿಲಿಂಡರ್ ಎಂಜಿನ್ನುಗಳ ಪಾಡೂ ಇದೇ. ಇಂಗ್ಲಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ಬ್ಯಾಲೆನ್ಸರ್ ಶಾಫ್ಟ್, ಅಂದರೆ ಎದುರು ಬಲ ಹುಟ್ಟಿಸಿ ಅದುರು ತಗ್ಗಿಸುವ ತೂಕದ ದಂಡ, ರೂಪಿಸಿದ್ದರೂ ಬೈಕುಗಳಲ್ಲಿ ಅದು ಬಳಕೆಗೆ ಬಂದದ್ದು ಬಹಳ ತಡವಾಗಿ.

ಈ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸುತ್ತು ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಆಕ್ಸಿಲರೇಟರ್ ತಿರುವಿದಂತೆ ಅದುರು ಹಂತಹಂತವಾಗಿ ಏರಿದರೆ ಅದು ಎಂಜಿನ್ನಿನ ಸ್ವಭಾವ. ಯಾವುದೋ ಒಂದು ಸುತ್ತಿನಲ್ಲಿ ಮಾತ್ರ ಕನ್ನಡಿಯೆಲ್ಲ ಮಸುಕಾಗಿ, ಅದನ್ನು ದಾಟಿದೊಡನೆ ಮತ್ತೆ ತಿಳಿಯಾದರೆ ಅದು ಅನುರಣನ. ಪ್ರತಿ ಬಿಡಿಭಾಗಕ್ಕೂ ತನ್ನದೇ ಆದ ಸಹಜ ಕಂಪನದರ ಇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುವಂತೆ, ಎಂಜಿನ್ನಿನ ಬಡಿತ ಆ ದರಕ್ಕೆ ಕೂಡಿಕೊಂಡಾಗ ಸಣ್ಣ ಅದುರೂ ಭಾರಿಯಾಗುತ್ತದೆ.

ಗಾಡಿ ಹಳತಾದಂತೆ ಆಗುವ ಎಡವಟ್ಟು ಬಹುಮಟ್ಟಿಗೆ ಇಲ್ಲೇ. ಎಂಜಿನ್ ಮತ್ತು ಫ್ರೇಮಿನ ನಡುವೆ ರಬ್ಬರ್ ಬುಷ್ ಇರುವ ಬೈಕುಗಳನ್ನೇ ನೋಡಿ. 1967ರಲ್ಲಿ ಬಂದ ಬ್ರಿಟಿಷ್ ಬೈಕ್ ನಾರ್ಟನ್ ಕಮಾಂಡೋ ಈ ಉಪಾಯಕ್ಕೇ ಹೆಸರಾಯಿತು. ಎಂಜಿನ್ನಿನ ಬಡಿತದ ದರವು ರಬ್ಬರಿನ ಮೇಲೆ ಕೂತ ಎಂಜಿನ್ನಿನ ಸಹಜ ದರದ 1.4 ಪಟ್ಟನ್ನು ದಾಟಿದ ಮೇಲಷ್ಟೇ ರಬ್ಬರ್ ಅದುರನ್ನು ತಡೆಯುತ್ತದೆ, ಅದಕ್ಕಿಂತ ಕೆಳಗೆ ಹೆಚ್ಚಿಸುತ್ತದೆ. ಹೊಸ ರಬ್ಬರ್ ಮೆತ್ತಗಿರುವುದರಿಂದ ಆ ಕೆಟ್ಟ ವಲಯ ಐಡ್ಲಿಂಗಿನ ಹತ್ತಿರವೇ ಮುಗಿದುಹೋಗುತ್ತದೆ. ವರ್ಷಗಟ್ಟಲೆ ಬಿಸಿ, ಎಣ್ಣೆ, ಗಾಳಿ ತಾಗಿ ರಬ್ಬರ್ ಗಡುಸಾದಾಗ ಸಹಜ ದರ ಮೇಲಕ್ಕೆ ಸರಿದು, ನಾವು ದಿನವೂ ಓಡಿಸುವ ವೇಗದಲ್ಲೇ ಕೂತುಬಿಡುತ್ತದೆ. ಎಂಜಿನ್ನಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಉಗುರಿನಿಂದ ಒತ್ತಿದರೆ ಅಚ್ಚು ಮೂಡದ, ಅಂಚಿನಲ್ಲಿ ಬಿರುಕು ಬಿಟ್ಟ ಬುಷ್ ಕಂಡರೆ ಅದನ್ನು ಬದಲಿಸಿಯೇ ಮುಂದಿನ ಮಾತು.

ಈಗ ಪರೀಕ್ಷೆಗೆ ಬರೋಣ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲಿನಲ್ಲಿ ನಿಧಾನವಾಗಿ ಸುತ್ತು ಏರಿಸಿ. ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಲೇಬಾರದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯ. ನಿಂತಲ್ಲೇ ಆ ಅದುರು ಬಂದರೆ ಚಕ್ರ, ಟಯರ್, ಚೈನ್ ಮೇಲಿನ ಅನುಮಾನ ಬಿಡಬಹುದು. ಬರದಿದ್ದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗವನ್ನು ಎರಡು ಗೇರಿನಲ್ಲಿ ಹಿಡಿದು ನೋಡಿ. ಗೇರ್ ಬದಲಾದಾಗ ಅದುರಿನ ರೀತಿಯೂ ಬದಲಾದರೆ ಕಾರಣ ಎಂಜಿನ್ ಕಡೆ. ಕ್ಲಚ್ ಹಿಡಿದು ಗಾಡಿಯನ್ನು ಹಾಗೇ ಹರಿಯಬಿಟ್ಟಾಗಲೂ ಅದುರು ಉಳಿದರೆ ಚಕ್ರ ಅಥವಾ ಚೈನ್ ಕಡೆ.

ಮೈಗೆ ಗೊತ್ತಾಗುವ ಇನ್ನೊಂದು ಗುರುತೂ ಇದೆ. ಚಕ್ರದ ಸುತ್ತಳತೆ ಎರಡು ಮೀಟರಿನ ಆಸುಪಾಸು, ಅಂದರೆ ಗಂಟೆಗೆ 60 ಕಿಲೋಮೀಟರಿನಲ್ಲಿ ಅದು ಸೆಕೆಂಡಿಗೆ ಸುಮಾರು 8 ಸಲ ಸುತ್ತುತ್ತದೆ. ಅದೇ ಹೊತ್ತಿಗೆ ಎಂಜಿನ್ 4000 ಸುತ್ತಿನಲ್ಲಿದ್ದರೆ ಸೆಕೆಂಡಿಗೆ 67 ಸುತ್ತು. ಸೀಟಿನಲ್ಲಿ ಧಡಧಡ ಎಂದು ಒಂದೊಂದೇ ಏಟು ಗೊತ್ತಾಗುವಂತಿದ್ದರೆ ಚಕ್ರದ ದೋಷ, ಬೆರಳು ಜೋಮು ಹಿಡಿಸುವ ಗುಂಯ್‌ಗುಟ್ಟುವಿಕೆಯಾದರೆ ಎಂಜಿನ್ನಿನದು. ಫೋನಿನ ಆ್ಯಪ್‌ನಿಂದ ಇದನ್ನು ಅಳೆಯುವವರಿದ್ದಾರೆ. ಸೆಕೆಂಡಿಗೆ 100 ಸಲ ಮಾತ್ರ ಅಳೆಯುವ ಆ್ಯಪ್ 50ಕ್ಕಿಂತ ಮೇಲಿನ ಕಂಪನವನ್ನು ಸರಿಯಾಗಿ ಕಾಣಲಾರದು. ಈ 67ನ್ನು ಅದು 33 ಎಂದು ತೋರಿಸೀತು. ಫೋನನ್ನು ಹ್ಯಾಂಡಲಿಗೆ ಕಟ್ಟುವುದೂ ಒಳ್ಳೆಯದಲ್ಲ. ಬೈಕ್ ಎಂಜಿನ್ನಿನ ಕಂಪನದಿಂದ ಫೋನ್ ಕ್ಯಾಮೆರಾ ಹಾಳಾಗಬಹುದೆಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು.

ಎಂಜಿನ್ ಕಡೆ ಎಂದು ಖಚಿತವಾದರೂ ಎಂಜಿನ್ ಬಿಚ್ಚಿಸುವ ಅವಸರ ಬೇಡ. ಮೊದಲು ಎಂಜಿನ್ನನ್ನು ಫ್ರೇಮಿನ ಪಟ್ಟಿಗಳಿಗೆ ಬಿಗಿದಿಡುವ ಫೌಂಡೇಶನ್ ಬೋಲ್ಟುಗಳ ಮುಂದೆ ಟಾರ್ಚ್ ಹಿಡಿದು ಕೂರಿ. ಬೋಲ್ಟಿನ ತಲೆಯ ಸುತ್ತ, ವಾಷರ್ ಮತ್ತು ಪಟ್ಟಿ ಕೂಡುವ ಕಡೆ, ಕೆಂಪುಗಂದು ಪುಡಿ ಕಾಣುತ್ತದೆಯೇ ನೋಡಿ. ಒದ್ದೆಯಾಗಿ ಹಬ್ಬಿದ ಮಾಮೂಲಿ ತುಕ್ಕಲ್ಲ, ಬೆರಳಿಗೆ ಹಿಟ್ಟಿನಂತೆ ಹತ್ತುವ ನಯವಾದ ಪುಡಿ. ಎರಡು ಉಕ್ಕಿನ ಮೈ ಕೂದಲೆಳೆಯಷ್ಟೂ ಇಲ್ಲದ ಅಂತರದಲ್ಲಿ ಉಜ್ಜಿ ಉಜ್ಜಿ ಬಿಡುವ ಕಬ್ಬಿಣದ ಆಕ್ಸೈಡ್ ಅದು. ಸ್ಪ್ಯಾನರಿಗೆ ಬಿಗಿಯಾಗಿ ಸಿಕ್ಕರೂ ಆ ಜೋಡಣೆ ಒಳಗೊಳಗೇ ಸರಿದಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೋಲ್ಟನ್ನು ಹೆಚ್ಚು ಸಡಿಲಿಸುವುದು ಅದರ ಉದ್ದಕ್ಕೆ ಎಳೆಯುವ ಬಲವಲ್ಲ, ಅಡ್ಡಡ್ಡ ಸರಿದಾಟ ಎಂದು ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಬೋಲ್ಟ್ ಸಡಿಲಾದಷ್ಟೂ ಸರಿದಾಟ ಹೆಚ್ಚು, ಸರಿದಾಟ ಹೆಚ್ಚಿದಷ್ಟೂ ಬೋಲ್ಟ್ ಇನ್ನಷ್ಟು ಸಡಿಲು. ತಿಂಗಳುಗಟ್ಟಲೆ ಸುಮ್ಮನಿದ್ದ ಗಾಡಿ ಕೆಲವೇ ದಿನಗಳಲ್ಲಿ ಕೈ ಮೀರುವುದು ಹೀಗೆ. ಒಂದೇ ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿದರೆ ಪಟ್ಟಿಯೇ ಸೀಳಬಹುದು. ಎಲ್ಲವನ್ನೂ ಸಡಿಲಿಸಿ, ಎಂಜಿನ್ ತನ್ನ ಜಾಗದಲ್ಲಿ ಕೂತ ಮೇಲೆ, ತಯಾರಕರು ಹೇಳಿದಷ್ಟು ಟಾರ್ಕ್ (ತಿರುಚುವ ಬಲ) ಕೊಟ್ಟು ಬಿಗಿಯಬೇಕು.

ಭಾರ ಎಳೆಯುವಾಗ ಮಾತ್ರ ಅದುರಿದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ), ಚೈನ್, ಹಿಂದಿನ ಹಬ್ಬಿನೊಳಗಿನ ರಬ್ಬರುಗಳನ್ನು ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಹೋದರೆ ಚೈನ್ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುವುದು ತಿಳಿಯುತ್ತದೆ. ಎರಡು ಸಿಲಿಂಡರ್ ಇದ್ದು ಒಂದು ಸರಿಯಾಗಿ ಉರಿಯದಿದ್ದರೂ ಗಾಡಿ ಕುಂಟುತ್ತದೆ. ತಣ್ಣಗಿನ ಎಂಜಿನ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಎರಡೂ ಸೈಲೆನ್ಸರ್ ಪೈಪಿನ ಬುಡಕ್ಕೆ ಒಂದೊಂದು ಹನಿ ನೀರು ಬಿಟ್ಟರೆ, ಚುಂಯ್ ಎನ್ನದ ಕಡೆಯದೇ ಸೋಮಾರಿ ಸಿಲಿಂಡರ್.

ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಅದುರು ಶುರುವಾಗಿದ್ದರೆ ಅನುಮಾನ ನೇರವಾಗಿ ಆ ಕೆಲಸದ ಮೇಲೆ. ಬೋರಿಂಗ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ, ಹಾಕಿದ ಪಿಸ್ಟನ್ ಹಳೆಯದಕ್ಕಿಂತ ಭಾರವಾಗಿರಬಹುದು. ಬ್ಯಾಲೆನ್ಸರ್ ಇರುವ ಎಂಜಿನ್ನಿನಲ್ಲಿ ಗೇರಿನ ಗುರುತು ಒಂದು ಹಲ್ಲು ತಪ್ಪಿದರೂ ಅದರ ಬಲ ತಪ್ಪು ಹೊತ್ತಿಗೆ ಬೀಳುತ್ತದೆ. ಎರಡು ಭಾಗಗಳನ್ನು ಒತ್ತಿ ಕೂಡಿಸಿದ ಕ್ರ್ಯಾಂಕ್ ಒಂದಿಷ್ಟು ತಿರುಚಿಕೊಂಡಿದ್ದರೆ ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಇಟ್ಟು ತಿರುಗಿಸಿಯೇ ತಿಳಿಯಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ.

ಅದುರು ಇದ್ದಕ್ಕಿದ್ದಂತೆ ಶುರುವಾಗಿ, ಜೊತೆಗೆ ಒಳಗಿನಿಂದ ಟಕಟಕ ಸದ್ದೂ ಬಂದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ಸಾಗಿಸಿಕೊಂಡು ಹೋಗಿ. ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ನೀವೇ ಹಿಡಿದು ನೋಡಿ. ರೋಲರ್ ಬೇರಿಂಗ್ ಇರುವ ಕಡೆ ಅದು ಪಕ್ಕಕ್ಕೆ ತುಸು ಸರಿಯುವುದು ಸಹಜ. ಮೇಲಕ್ಕೂ ಕೆಳಕ್ಕೂ ಎಳೆದಾಗ ಕೈಗೆ ಟಕ್ಕೆಂದು ಗೊತ್ತಾದರೆ ಕ್ರ್ಯಾಂಕಿನ ಕಡೆಯ ತುದಿಯಲ್ಲಿರುವ ಬಿಗ್ ಎಂಡ್ ಬೇರಿಂಗ್ ಸವೆದಿದೆ, ಇಡೀ ಕ್ರ್ಯಾಂಕ್ ಹೊರಗೆ ಬರಬೇಕು.